ಹೋಮ್ ಥಿಯೇಟರಿಗೆ ವಾಲ್ವ್ ಆಂಪ್ ಜೋಡಿಸುವುದು ಹೇಗೆ?

ಹಳೇ ವಾಲ್ವ್ ರೇಡಿಯೊ ನೆನಪಿದೆಯಾ? ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕು, ಒಳಗೆ ಕೆಂಡದ ಹಾಗೆ ಬೆಳಕು ಬರುತ್ತದೆ, ಆಮೇಲೆ ನಿಧಾನಕ್ಕೆ ದನಿ. ಆ ದನಿಯ ಹುಚ್ಚು ನನಗೂ ಹಿಡಿದಿದೆ. ಚಿಕ್ಕಮಗಳೂರಿನ ನಮ್ಮ ಮನೆ ಹಾಲ್‌ನಲ್ಲಿ ಈಗ ಸಿನಿಮಾ ಹಾಡುಗಳು ವಾಲ್ವ್ ಆಂಪ್, ಅಂದರೆ ವಾಲ್ವ್ ಹಾಕಿದ ಆಂಪ್ಲಿಫೈಯರ್ ಮೂಲಕವೇ ಬರುತ್ತವೆ. ಆದರೆ ಐದೂ ಸ್ಪೀಕರಿಗೆ ವಾಲ್ವ್ ಹಾಕಲು ಹೋಗಬೇಡಿ. ಮುಂದಿನ ಎಡ, ಬಲ ಎರಡಕ್ಕೆ ಸಾಕು. ಇಎಲ್34 ಅನ್ನುವ ಮಾದರಿಯ ನಾಲ್ಕು ವಾಲ್ವಿನ ಒಂದು ಸ್ಟೀರಿಯೊ ಆಂಪ್ ಸುಮ್ನೆ ಕೂತರೂ ನೂರು ವಾಟಿಗಿಂತ ಜಾಸ್ತಿ ತಿನ್ನುತ್ತದೆ. ಆಷಾಢದ ಮಳೆಯಲ್ಲಿ ಕೈ ಕಾಯಿಸಿಕೊಳ್ಳಲು ಚೆನ್ನ, ಏಪ್ರಿಲ್‌ನಲ್ಲಿ ಅಲ್ಲ.

ಮೊದಲು ನಿಮ್ಮ ಎವಿ ರಿಸೀವರ್, ಅಂದರೆ ಟಿವಿ, ಸ್ಪೀಕರ್ ಎಲ್ಲ ಬಂದು ಸೇರುವ ಪೆಟ್ಟಿಗೆಯನ್ನು ತಿರುಗಿಸಿ ಹಿಂಭಾಗ ನೋಡಿ. 'ಪ್ರೀ ಔಟ್' ಎಂದು ಬರೆದ ತೂತುಗಳಿವೆಯಾ? ಹೊರಗಿನ ಆಂಪಿಗೆ ಸದ್ದು ಕಳಿಸುವ ದಾರಿ ಅದು. ಇಲ್ಲದಿದ್ದರೆ ವಾಲ್ವ್ ಆಂಪಿಗೆ ದುಡ್ಡು ಕೊಡುವ ಮುಂಚೆ ರಿಸೀವರ್ ಬದಲಿಸುವ ಯೋಚನೆ ಮಾಡಿ. ಡಾಲ್ಬಿ ಸದ್ದನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವುದು, ಎಚ್‌ಡಿಎಂಐ ಎಲ್ಲ ರಿಸೀವರಿನ ಕೆಲಸವೇ, ವಾಲ್ವಿಗೆ ಅದು ಬರುವುದಿಲ್ಲ.

ಆಮೇಲೆ ಸ್ಪೀಕರ್. ಇಎಲ್84 ಜೋಡಿ ಹಾಕಿದ ಆಂಪ್ ಒಂದು ಕಡೆಗೆ 15 ವಾಟ್ ಆಸುಪಾಸು ಕೊಡುತ್ತದೆ, 300ಬಿ ಒಂದೇ ವಾಲ್ವಿನದು 8 ವಾಟ್. ಕಡಿಮೆ ಅನಿಸುತ್ತದೆ ಅಲ್ವಾ? ಸ್ಪೀಕರಿನ ಸೆನ್ಸಿಟಿವಿಟಿ (ಅಂದರೆ ಒಂದು ವಾಟಿಗೆ ಅದು ಎಷ್ಟು ಜೋರಾಗಿ ಹಾಡುತ್ತದೆ ಎನ್ನುವ ಲೆಕ್ಕ) 90 ಡೆಸಿಬಲ್ ಇದ್ದರೆ ಮನೆಗೆ ಧಾರಾಳ. ಅದೇ 84 ಇದ್ದರೆ ಅಷ್ಟೇ ಜೋರಿಗೆ ನಾಲ್ಕು ಪಟ್ಟು ವಾಟ್ ಬೇಕು, ಏಕೆಂದರೆ ಪ್ರತಿ 3 ಡೆಸಿಬಲ್‌ಗೆ ವಾಟ್ ದುಪ್ಪಟ್ಟಾಗುತ್ತದೆ.

ಈಗ ಜೋಡಣೆ. ಎಲ್ಲ ಆಫ್ ಮಾಡಿ. ಮುಂದಿನ ಎರಡು ಸ್ಪೀಕರಿನ ವೈರ್ ರಿಸೀವರಿಂದ ಬಿಚ್ಚಿ ವಾಲ್ವ್ ಆಂಪಿನ ಹಿಂದೆ ಹಾಕಿ, ಸ್ಪೀಕರ್ 8 ಓಮ್ ಇದ್ದರೆ 8ರ ತುದಿಗೆ. ಪ್ರೀ ಔಟ್‌ನಿಂದ ಆಂಪಿನ ಇನ್‌ಪುಟ್‌ಗೆ ಆರ್‌ಸಿಎ ವೈರ್. ಸ್ಪೀಕರ್ ಹಾಕದೆ ಆಂಪ್ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗೆ 400 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿದಿರುತ್ತದೆ, ಹಾಗಾಗಿ ಮುಚ್ಚಳ ಬಿಚ್ಚಿ ಕೈ ಹಾಕುವ ಕುತೂಹಲ ಬೇಡ. ಆನ್ ಮಾಡುವಾಗ ರಿಸೀವರ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಉಲ್ಟಾ.

ಆಂಪಿನ ವಾಲ್ಯೂಮ್ ಅರ್ಧಕ್ಕೆ ಇಟ್ಟು ಅಲ್ಲೊಂದು ಸ್ಟಿಕರ್ ಅಂಟಿಸಿ. ಮುಂದೆ ಸಿನಿಮಾ ನೋಡುವಾಗ ಅದನ್ನು ಮುಟ್ಟಬಾರದು, ಜೋರು-ಮೆಲ್ಲ ಎಲ್ಲ ರಿಸೀವರಿನ ರಿಮೋಟಿನಲ್ಲೇ. ವಾಲ್ವ್ ಅರ್ಧ ಗಂಟೆ ಕಾದ ಮೇಲೆ ರಿಸೀವರಿನ ಟೆಸ್ಟ್ ಟೋನ್ ಹಾಕಿ ಐದೂ ಸ್ಪೀಕರ್ ಒಂದೇ ಮಟ್ಟಕ್ಕೆ ತನ್ನಿ. ರಿಸೀವರಿನ ಸೆಟ್ಟಿಂಗ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ ಇಟ್ಟು, ಕ್ರಾಸ್ ಓವರ್, ಅಂದರೆ ತಗ್ಗು ಸದ್ದು ಬೇರೆಯಾಗುವ ಗಡಿ, 80 ಹರ್ಟ್ಸ್ ಮಾಡಿ. ವಾಟ್ ತಿನ್ನುವ ಬಾಂಬ್ ಸದ್ದೆಲ್ಲ ಆಗ ಸಬ್ ವೂಫರಿಗೆ ಹೋಗುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಲಾಭ ಕೊಡುವುದು ಇದೇ.

ಗುಂಯ್ ಅನ್ನುವ ಸದ್ದು ಬಂತಾ? ನಾನು ಎರಡು ದಿನ ವಾಲ್ವ್ ಅದಲುಬದಲು ಮಾಡಿ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಡಿಶ್ ಕೇಬಲ್! ಅದನ್ನು ಸೆಟ್ ಟಾಪ್ ಬಾಕ್ಸಿನಿಂದ ಕಿತ್ತ ಕೂಡಲೇ ಸದ್ದು ಮಾಯ. ಕೇಬಲ್ಲಿಂದ ಒಂದು ಅರ್ತ್, ಆಂಪಿನ ಪ್ಲಗ್ಗಿನಿಂದ ಇನ್ನೊಂದು ಅರ್ತ್, ಎರಡೂ ಸೇರಿ ಸುತ್ತು ಹೊಡೆಯುತ್ತಿದ್ದವು. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಆರ್‌ಸಿಎ ವೈರಿನ ಮಧ್ಯೆ ಹಾಕಿ ಈ ಸುತ್ತು ತಪ್ಪಿಸುವ ಐಸೊಲೇಟರ್ ಸಿಗುತ್ತದೆ. ಒಬ್ಬರು ಎಲೆಕ್ಟ್ರಿಷಿಯನ್ ಅರ್ತ್ ಪಿನ್ ಕತ್ತರಿಸಿಬಿಡಿ ಅಂದರು. ದಯವಿಟ್ಟು ಹಾಗೆ ಮಾಡಬೇಡಿ, 400 ವೋಲ್ಟ್ ಮರೆಯಬೇಡಿ.

ಇನ್ನು ನಮ್ಮೂರಿನ ಕರೆಂಟ್. ಮೂಡಿಗೆರೆ ಕಡೆಯ ತೋಟದ ಮನೆಯಾದರಂತೂ ಸ್ಟೆಬಿಲೈಸರ್ ಬೇಕೇ ಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಗೊಗ್ಗರು ದನಿಯಲ್ಲಿ ಕಿರುಗುಟ್ಟುತ್ತದೆ. ಗುಡುಗು ಕೇಳಿಸಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು, ಜೊತೆಗೆ ಆ ಡಿಶ್ ಕೇಬಲ್ಲನ್ನೂ.