ಬಣ್ಣ ಬದಲಿಸುವ ಹೈಲೈಟರ್‌ಗಳನ್ನು ಹೋಲಿಸಿ ಆರಿಸುವುದು ಹೇಗೆ?

ಹೈಲೈಟರ್ ಅಂದರೆ ಕೆನ್ನೆಗೆ ಹೊಳಪು ಕೊಡುವ ಮೇಕಪ್ ಪುಡಿ; ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸಿದರೆ ಅದು ಡ್ಯುಯೋಕ್ರೋಮ್. ಡಬ್ಬಿಯಲ್ಲಿ ನೋಡಿದರೆ ಎಲ್ಲ ಡ್ಯುಯೋಕ್ರೋಮ್ ಹೈಲೈಟರ್‌ಗಳೂ ಚೆಂದವೇ. ನೇರವಾಗಿ ಹಿಡಿದರೆ ತಿಳಿ ಗುಲಾಬಿ, ಸ್ವಲ್ಪ ವಾಲಿಸಿದರೆ ಹಸಿರು. ಯಾರಿಗೆ ಬೇಡ ಹೇಳಿ? ಆದರೆ ನಾನು ಮೊದಲು ನೋಡುವುದು ಆ ಮಿಂಚನ್ನಲ್ಲ. ಬೆಳಕು ಬೀಳದಿದ್ದಾಗ ಕೆನ್ನೆಯ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು. ಮಿಂಚು ತಲೆ ತಿರುಗಿಸಿದಾಗ ಅರೆಕ್ಷಣ ಬಂದು ಹೋಗುತ್ತದೆ. ಅಡಿಬಣ್ಣ ಮಾತ್ರ ಮುಖ ತೊಳೆಯುವವರೆಗೂ ಅಲ್ಲೇ ಇರುತ್ತದೆ.

ಇದು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಹೋಲಿಸುವುದು ಸುಲಭ. ಪುಡಿಯಲ್ಲಿ ಅಭ್ರಕದ, ಅಂದರೆ ಮೈಕಾದ, ಸಣ್ಣ ಸಣ್ಣ ಚಪ್ಪಟೆ ಚೂರುಗಳಿರುತ್ತವೆ. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಪದರ. ಆ ಪದರದ ದಪ್ಪ ಸುಮಾರು ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲು. ಪದರದ ಮೇಲಿಂದಲೂ ಕೆಳಗಿನಿಂದಲೂ ಮರಳುವ ಬೆಳಕು ಒಂದಕ್ಕೊಂದು ಬೆರೆತು ಬಣ್ಣ ಕಾಣಿಸುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುವುದೂ ಇದೇ ಕಾರಣಕ್ಕೆ. ಪದರ ತೆಳುವಾಗಿದ್ದರೆ ಬೆಳ್ಳಿ. ದಪ್ಪ ಆಗುತ್ತಾ ಹೋದಂತೆ ಚಿನ್ನ, ಕೆಂಪು, ನೀಲಿ, ಕೊನೆಗೆ ಹಸಿರು. ಅಂದರೆ ನಿಮ್ಮ ಹೈಲೈಟರ್ ಹಸಿರು ಮಿಂಚಿದರೆ ಅದರಲ್ಲಿ ಹಸಿರು ಬಣ್ಣ ಬೆರೆಸಿರಲೇಬೇಕು ಅಂತೇನಿಲ್ಲ.

ಈ ಚೂರುಗಳು ಹೆಚ್ಚುಕಡಿಮೆ ಪಾರದರ್ಶಕ. ಹಾಗಾಗಿ ಅಡಿಯಲ್ಲಿ ಏನಿದೆ ಅನ್ನುವುದರ ಮೇಲೆ ಆಟವೆಲ್ಲ ನಿಂತಿದೆ. ಒಂದು ಕಪ್ಪು ಕಾಗದ, ಒಂದು ಬಿಳಿ ಕಾಗದ ತೆಗೆದುಕೊಳ್ಳಿ. ಹೋಲಿಸಬೇಕಾದ ಹೈಲೈಟರ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ತೆಗೆದು ಎರಡರ ಮೇಲೂ ಒಂದೇ ಅಳತೆಯಲ್ಲಿ ಎಳೆಯಿರಿ. ಪ್ರತಿ ಗೆರೆಯ ಪಕ್ಕದಲ್ಲಿ ಹೆಸರು ಬರೆದಿಡಿ. ಒರೆಸದೆ ಅದೇ ಬೆರಳನ್ನು ಮುಂದಿನದಕ್ಕೆ ಅದ್ದಬೇಡಿ, ಎಲ್ಲ ಕಲೆಸಿಹೋಗುತ್ತದೆ. ಕಪ್ಪಿನ ಮೇಲೆ ಮಿಂಚಿನ ಬಣ್ಣ ಎದ್ದು ಕಾಣುತ್ತದೆ. ಬಿಳಿಯ ಮೇಲೆ ಅದೇ ಮಿಂಚು ಮಂಕಾಗಿ, ಅಡಿಬಣ್ಣ ಹೊರಗೆ ಬರುತ್ತದೆ. ಕಪ್ಪು ಕಾಗದದಲ್ಲಿ ಬೇರೆ ಬೇರೆ ಕಂಡ ಎರಡು ಹೈಲೈಟರ್‌ಗಳು ಬಿಳಿಯ ಮೇಲೆ ಒಂದೇ ಥರ ಕಾಣಬಹುದು. ತಿಳಿ ಮೈಬಣ್ಣದವರಿಗೆ ಅವೆರಡೂ ಬೇಕಾಗಿಲ್ಲ, ಒಂದು ಸಾಕು.

ನನ್ನದು ಗೋಧಿಗಿಂತ ಒಂದು ಪಟ್ಟು ಗಾಢ ಬಣ್ಣ, ತಂಗಿಯದು ತಿಳಿ. ನೀಲಿ ಮಿಂಚಿನ ಒಂದೇ ಹೈಲೈಟರ್ ಹಚ್ಚಿಕೊಂಡು ಅಕ್ಕಪಕ್ಕ ಕೂತರೆ ನನ್ನ ಕೆನ್ನೆಯಲ್ಲಿ ನೀಲಿ ಸ್ಪಷ್ಟ. ಅವಳದರಲ್ಲಿ ಸುಮ್ನೆ ಒಂದು ತಣ್ಣನೆಯ ಹೊಳಪು, ಅಷ್ಟೆ. ಈ ವಿಷಯದಲ್ಲಿ ಗಾಢ ಮೈಬಣ್ಣದವರಿಗೇ ಲಾಭ ಜಾಸ್ತಿ. ಆದರೆ ಒಂದು ತೊಡಕಿದೆ. ಬಿಳಿ ಅಡಿಬಣ್ಣದ ಪುಡಿ ನಮ್ಮಂಥವರ ಕೆನ್ನೆಯ ಮೇಲೆ ಬೂದಿ ಮೆತ್ತಿದ ಹಾಗೆ ಕೂರುತ್ತದೆ. ಶಾಂಪೇನ್, ಪೀಚ್ ಅಥವಾ ಕಂಚಿನ ಅಡಿಬಣ್ಣ ಇದ್ದರೆ ಆ ತಾಪತ್ರಯ ಇಲ್ಲ. ಪುಡಿ ಹಚ್ಚಿ ಕಿಟಕಿಗೆ ಬೆನ್ನು ಹಾಕಿ ಕನ್ನಡಿ ನೋಡಿ. ನೆರಳಿನಲ್ಲಿ ಬೂದಿ ಕಂಡರೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಮಿಂಚು ಎಷ್ಟೇ ಚೆನ್ನಾಗಿರಲಿ.

ಕಾಗದದ ಪರೀಕ್ಷೆ ಆದಮೇಲೆ ಮುಖ. ತುಂಬಾ ಜನ ಮೊಣಕೈ ಒಳಭಾಗದಲ್ಲಿ ಗೆರೆ ಎಳೆದು ತೀರ್ಮಾನ ಮಾಡುತ್ತಾರೆ. ಅಲ್ಲಿ ಚರ್ಮ ನುಣುಪು, ಬಣ್ಣವೂ ತಿಳಿ. ಕೆನ್ನೆಯಲ್ಲಿ ರಂಧ್ರ ಇರುತ್ತವೆ, ಎಣ್ಣೆ ಇರುತ್ತದೆ, ಸಣ್ಣ ರೋಮ ಇರುತ್ತದೆ. ಎರಡನ್ನು ಹೋಲಿಸುವಾಗ ಎಡಗೆನ್ನೆಗೊಂದು, ಬಲಗೆನ್ನೆಗೊಂದು ಹಚ್ಚಿ. ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ತಲೆಯನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಆಮೇಲೆ ನೀವೇ ತಿರುಗಿ ನಿಂತು ಇನ್ನೊಂದು ಕೆನ್ನೆಗೂ ಅದೇ ಬೆಳಕು ಕೊಡಿ. ಇಲ್ಲದಿದ್ದರೆ ಕಿಟಕಿ ಪಕ್ಕದ ಕೆನ್ನೆಯೇ ಪ್ರತಿ ಸಲ ಗೆಲ್ಲುತ್ತದೆ!

ಬಲ್ಬಿನ ಬೆಳಕಿನಲ್ಲೂ ಒಮ್ಮೆ ನೋಡಲೇಬೇಕು. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ. ಹಾಗಾಗಿ ನೀಲಿ, ನೇರಳೆ ಮಿಂಚು ಅಲ್ಲಿ ಸೊರಗುತ್ತದೆ. ಚಿನ್ನ, ಗುಲಾಬಿ ಮಿಂಚು ಅರಳುತ್ತದೆ. ಸಂಜೆಯ ಸಮಾರಂಭಕ್ಕೆಂದೇ ತೆಗೆದುಕೊಳ್ಳುವುದಾದರೆ ಹಗಲಿನ ಪರೀಕ್ಷೆ ಒಂದನ್ನೇ ನಂಬಬೇಡಿ.

ಇನ್ನು ಚೂರುಗಳ ಗಾತ್ರ. 15 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸಣ್ಣವಾದರೆ ರೇಷ್ಮೆಯಂಥ ಮೆತ್ತನೆ ಹೊಳಪು. 50-60ರ ಹೊತ್ತಿಗೆ ಮಿನುಗು ಶುರು. 100 ದಾಟಿದರೆ ಒಂದೊಂದು ಚೂರೂ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಡಬ್ಬಿ ಮೇಲೆ ಈ ಅಳತೆ ಸಾಮಾನ್ಯವಾಗಿ ಬರೆದಿರುವುದಿಲ್ಲ, ಬೆರಳೇ ಹೇಳಬೇಕು. ಎರಡು ಬೆರಳ ನಡುವೆ ಉಜ್ಜಿ. ಬೆಣ್ಣೆ ಥರ ಜಾರಿದರೆ ಸರಿ. ತರಿತರಿ ಸಿಕ್ಕಿದರೆ ಅದು ದೊಡ್ಡ ರಂಧ್ರಗಳನ್ನು ಎತ್ತಿ ತೋರಿಸುತ್ತದೆ, ಸಂಜೆ ಹೊತ್ತಿಗೆ ಗಲ್ಲಕ್ಕೂ ಕುತ್ತಿಗೆಗೂ ಇಳಿದಿರುತ್ತದೆ.

ಡಬ್ಬಿಯ ಹಿಂಬದಿಯಲ್ಲಿ ಏನೇನು ಬೆರೆಸಿದ್ದಾರೆ ಅನ್ನುವ ಪಟ್ಟಿಯನ್ನೂ ಒಮ್ಮೆ ಓದಿ. ಮೈಕಾ ಮತ್ತು ಸಿಐ 77891, ಅಂದರೆ ಟೈಟಾನಿಯಂ ಡೈಆಕ್ಸೈಡ್, ಹೆಚ್ಚಿನವುಗಳಲ್ಲಿ ಇರುತ್ತವೆ. ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಅಂತ ಇದ್ದರೆ ಅದು ಮನುಷ್ಯರು ತಯಾರಿಸಿದ ಮೈಕಾ. ಅದರ ಹೊಳಪು ಇನ್ನೂ ಸ್ವಚ್ಛ. ಬೋರೋಸಿಲಿಕೇಟ್ ಅಂದರೆ ಗಾಜಿನ ತೆಳು ಚೂರು, ಅದು ಫಳಫಳ ಅನ್ನುತ್ತದೆ. ಐರನ್ ಆಕ್ಸೈಡ್ ಇದ್ದರೆ ಮಿಂಚಿನ ಕೆಳಗೆ ಗಟ್ಟಿ ಅಡಿಬಣ್ಣವೂ ಇದೆ ಅಂತ ಲೆಕ್ಕ. ಹೆಸರುಗಳನ್ನು ಮಾತ್ರ ನಂಬಲೇಬೇಡಿ. ಮತ್ಸ್ಯಕನ್ಯೆ, ಯುನಿಕಾರ್ನ್, ಗ್ಯಾಲಕ್ಸಿ ಅಂತೆಲ್ಲ ಇಟ್ಟಿರುತ್ತಾರೆ, ಒಳಗೆ ನೋಡಿದರೆ ಅದೇ ಗುಲಾಬಿ-ಚಿನ್ನ.

ಹಚ್ಚುವ ವಿಧಾನ ಎರಡಕ್ಕೂ ಒಂದೇ ಇರಲಿ. ಒಂದಕ್ಕೆ ಫ್ಯಾನ್ ಬ್ರಷ್, ಇನ್ನೊಂದಕ್ಕೆ ಬೆರಳು ಅಂದರೆ ಹೋಲಿಕೆಗೆ ಅರ್ಥ ಇಲ್ಲ. ಬೆರಳಿನಲ್ಲಿ ಚೂರುಗಳು ಒತ್ತಾಗಿ ಕೂತು ಹೊಳಪು ಹೆಚ್ಚುತ್ತದೆ. ಒದ್ದೆ ಬ್ರಷ್‌ನಲ್ಲಂತೂ ಇನ್ನೂ ಜಾಸ್ತಿ. ನಾನು ಒಣ ಬ್ರಷ್‌ನಲ್ಲಿ ಒಂದೇ ಪದರ ಹಚ್ಚಿ ನೋಡುತ್ತೇನೆ. ಅದರಲ್ಲೇ ಬಣ್ಣ ಬದಲಾಗುವುದು ಕಂಡರೆ ಸರಕು ಚೆನ್ನಾಗಿದೆ ಅಂತ.

ಕೊನೆಗೆ ಎರಡು ಉಳಿದು ತಲೆಕೆಟ್ಟರೆ ಮೊಬೈಲ್ ವಿಡಿಯೋ ಮಾಡಿ. ಫೋಟೋದಲ್ಲಿ ಒಂದೇ ಕೋನ ಸಿಗುತ್ತದೆ, ಇಲ್ಲಿ ಬೇಕಿರುವುದು ತಿರುಗುವಾಗಿನ ಬದಲಾವಣೆ. ಪರದೆಯಲ್ಲಿ ಮುಖವನ್ನು ಒತ್ತಿ ಹಿಡಿದು ಬೆಳಕಿನ ಮಟ್ಟವನ್ನು ಲಾಕ್ ಮಾಡಿಕೊಳ್ಳಿ. ಇಲ್ಲವಾದರೆ ಫೋನು ತಾನೇ ಸರಿಮಾಡಲು ಹೋಗಿ ಹೊಳಪನ್ನು ಚಪ್ಪೆ ಮಾಡುತ್ತದೆ. ಫಿಲ್ಟರ್ ಅಂತೂ ಬೇಡವೇ ಬೇಡ. ಗೆದ್ದದ್ದನ್ನು ಕಣ್ಣಿನ ರೆಪ್ಪೆಗೂ ಹಚ್ಚುವ ಆಸೆ ಇದ್ದರೆ, ಕಣ್ಣಿನ ಸುತ್ತ ಬಳಸಬಹುದು ಅಂತ ಡಬ್ಬಿಯ ಮೇಲೆ ಇದೆಯಾ ನೋಡಿಕೊಳ್ಳಿ. ಅಂಥ ಮಾತಿಲ್ಲದಿದ್ದರೆ ಕೆನ್ನೆಗೇ ಇರಲಿ.