ಲೈಫ್ ಜಾಕೆಟ್ ಸಿಲಿಂಡರನ್ನು ಊರಲ್ಲೇ ತೂಗಿ ನೋಡಿ

ತುಮಕೂರು, ಚಿಕ್ಕಬಳ್ಳಾಪುರದ ಕಡೆಯಿಂದ ಮೊದಲ ಸಲ ಹಾಯಿದೋಣಿಯಲ್ಲಿ ಆಳ ಸಮುದ್ರಕ್ಕೆ ಹೊರಟವರು, ಗ್ಯಾಸಿನಿಂದ ಉಬ್ಬುವ ಲೈಫ್ ಜಾಕೆಟ್ಟಿನ ಪುಟ್ಟ ಸಿಲಿಂಡರನ್ನು ಬಿಚ್ಚಿ ತೂಗಿ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಲ್ಲದಿದ್ದರೆ ಪರಿಚಯದ ಚಿನ್ನದಂಗಡಿಯಲ್ಲಿ ಒಂದು ನಿಮಿಷದ ಕೆಲಸ. ಒಟ್ಟು ತೂಕ ಸಿಲಿಂಡರಿನ ಮೈಮೇಲೇ ಅಚ್ಚಾಗಿರುತ್ತದೆ, ಅದಕ್ಕಿಂತ ಕಡಿಮೆ ಬಂದರೆ ಹೊಸದು ಹಾಕಿ. 150 ನ್ಯೂಟನ್ (ತೇಲಿಸುವ ಬಲದ ಅಳತೆ) ಜಾಕೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು 33 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹೊರಗಿನದು ದಪ್ಪ ಉಕ್ಕು, ಹಾಗಾಗಿ ಖಾಲಿಯಾಗಿದ್ದರೂ ಕೈಗೆ ಗೊತ್ತಾಗುವುದಿಲ್ಲ. ಬಿಚ್ಚುವಾಗ ಜಾಕೆಟ್ ಉಬ್ಬಿಸುವ ದಾರ ಎಳೆಯಬೇಡಿ. ಮತ್ತೆ ಹಾಕುವಾಗ ಕೈಯಿಂದಲೇ ಪೂರ್ತಿ ಬಿಗಿ ಮಾಡಿ, ಸಡಿಲವಿದ್ದರೆ ಜಾಕೆಟ್ಟಿನೊಳಗಿನ ಸೂಜಿ ಸಿಲಿಂಡರಿನ ಬಾಯಿಯ ಸೀಲನ್ನು ಚುಚ್ಚದೇ ಹೋಗಬಹುದು. ಇದನ್ನಂತೂ ಎರಡು ಸಲ ನೋಡಿ, ಜೀವದ ವಿಷಯ. ತೂಕ ಸರಿಯಿದ್ದರೂ ಜಾಕೆಟ್ಟಿನ ಚೀಲ ತೂತಾಗಿರಬಹುದು, ಅದು ತಕ್ಕಡಿಗೆ ಸಿಗುವುದಿಲ್ಲ: ಬಾಯಿಯ ಕೊಳವೆಯಿಂದ ಗಟ್ಟಿಯಾಗಿ ಊದಿ 24 ಗಂಟೆ ಬಿಡಿ. ನಮ್ಮ ಕಡೆಯ ಚಳಿಗೆ ಬೆಳಗ್ಗೆ ಸ್ವಲ್ಪ ಸಡಿಲ ಕಂಡರೆ ಸೋರಿಕೆ ಅಂದುಕೊಳ್ಳಬೇಡಿ, ತಂಪಿಗೆ ಗಾಳಿ ಕುಗ್ಗಿರುತ್ತದೆ; ಊದಿದ ಹೊತ್ತಿಗೇ ಮರುದಿನ ಒತ್ತಿ ನೋಡಿ. ನೀರು ತಾಗಿದರೆ ತಾನೇ ಉಬ್ಬುವ ಜಾಕೆಟ್ಟಾದರೆ ಆ ಭಾಗದ ಅವಧಿ ಮುಗಿಯುವ ತಾರೀಖನ್ನೂ ಓದಿಕೊಳ್ಳಿ. ಫೋಮ್ ಜಾಕೆಟ್ಟಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.