ಸಲ್ಲಿಸಿದ ಅರ್ಜಿಯಲ್ಲಿ ಆರ್‌ಡಿ ಸಂಖ್ಯೆ ತಪ್ಪಾಗಿತ್ತು: ಸರಿಪಡಿಸಿದ ಕ್ರಮ

ಕೊಪ್ಪಳದ ಕಾಲೇಜೊಂದಕ್ಕೆ ಬಿ.ಎಸ್ಸಿ. ಪ್ರವೇಶದ ಆನ್‌ಲೈನ್ ಅರ್ಜಿ ಸಲ್ಲಿಸಿದ ಮೇಲೆ ಮೂರು ತಪ್ಪುಗಳು ಕಣ್ಣಿಗೆ ಬಿದ್ದವು. ಇನಿಷಿಯಲ್ ಹೆಸರಿನ ಕೊನೆಗೆ ಹೋಗಿತ್ತು, ಊರಿನ ಹೆಸರಿನಲ್ಲಿ ಒಂದಕ್ಷರ ಬಿಟ್ಟಿತ್ತು, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ (ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಎರಡು ಅಂಕಿಗಳು ಅದಲುಬದಲಾಗಿದ್ದವು. ತಿದ್ದುವ ಅವಕಾಶ ಮುಚ್ಚಿತ್ತು.

ಬೇರೆ ಮೊಬೈಲ್ ಸಂಖ್ಯೆಯಿಂದ ಹೊಸ ಅರ್ಜಿ ತುಂಬಲು ನೋಡಿದೆ. ಆಧಾರ್ ಆಗಲೇ ನೋಂದಣಿಯಾಗಿದೆ ಎಂದು ತಡೆಯಿತು. ಸಹಾಯವಾಣಿ ಸಿಗಲಿಲ್ಲ. ಮುದ್ರಿತ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿ ಕೊಟ್ಟರೆ ಸಾಕೆಂದು ಸೈಬರ್ ಕೇಂದ್ರದವರು ಹೇಳಿದರು. ಅದನ್ನು ಮಾತ್ರ ಮಾಡಬೇಡಿ: ಕಂಪ್ಯೂಟರಿನಲ್ಲಿರುವ ಮಾಹಿತಿ ಹಾಗೆಯೇ ಉಳಿಯುತ್ತದೆ, ಕಾಗದ ಅದಕ್ಕೆ ತಾಳೆಯಾಗುವುದಿಲ್ಲ.

ಕೆಲಸವಾದದ್ದು ಹೀಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅರ್ಜಿಯ ಪ್ರತಿ ಸಾಲನ್ನೂ ಹೋಲಿಸಿದೆ. ಊರಿನ ಹೆಸರಿನ ತಪ್ಪು ಮೀಸಲಾತಿಗೆ ಸಂಬಂಧಿಸಿದ್ದಲ್ಲ, ಅದು ಕಾಯಬಹುದಿತ್ತು. ಆರ್‌ಡಿ ಸಂಖ್ಯೆ ಹಾಗಲ್ಲ. ‘ಆರ್‌ಡಿ’ ಎಂಬ ಎರಡು ಅಕ್ಷರ ಸೇರಿ ಒಟ್ಟು 15 ಸ್ಥಾನಗಳಲ್ಲಿ ಒಂದು ತಪ್ಪಿದರೂ ಪ್ರಮಾಣಪತ್ರ ತಾಳೆಯಾಗುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಇಲ್ಲಿನ ಪ್ರಾದೇಶಿಕ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ ವಿವರಗಳನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಪ್ರಾಂಶುಪಾಲರ ಹೆಸರಿಗೆ ಒಂದು ಪುಟದ ಮನವಿ ಬರೆದೆ. ಮೇಲೆ ಅರ್ಜಿ ಸಂಖ್ಯೆ, ಕೆಳಗೆ ‘ಈಗಿರುವುದು’, ‘ಇರಬೇಕಾದದ್ದು’ ಎಂಬ ಎರಡು ಕಾಲಂ. ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಸ್ವಯಂ ದೃಢೀಕೃತ ಪ್ರತಿಗಳನ್ನು ಲಗತ್ತಿಸಿದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡೆ. ಪ್ರವೇಶ ವಿಭಾಗದವರು ತಮ್ಮ ಲಾಗಿನ್‌ನಿಂದ ಅರ್ಜಿಯನ್ನು ತಿದ್ದುಪಡಿಗೆ ಹಿಂತಿರುಗಿಸಿದರು. ಸಂಖ್ಯೆಯನ್ನು ಒಬ್ಬರು ಓದಿ ಹೇಳಿದಂತೆ ಟೈಪ್ ಮಾಡಿದೆ. ಮತ್ತೆ ಸಲ್ಲಿಸುವುದನ್ನು ಮರೆಯಬೇಡಿ. ಬರೀ ಸೇವ್ ಮಾಡಿ ಬಿಟ್ಟರೆ ಅರ್ಜಿ ಬಾಕಿಯೆಂದೇ ತೋರಿಸುತ್ತದೆ.